ಆಯೋಗವೊಂದೇ ಸಾಕೆ?

ಡಿಸೆಂಬರ್ 10 ಬಂದಿತೆಂದರೆ ಮಾನವ ಹಕ್ಕುಗಳ ದಿನಾಚರಣೆ. ಅಂದು ಒಂದು ಪ್ರತಿಜ್ಞೆ, ಒಂದೆರಡು ಭಾಷಣ, ಕೊನೆಗೆ ವಂದನಾರ್ಪಣೆ. ಮರುದಿನದಿಂದ ಆ ಮಾತು ನಮ್ಮ ನಾಲಿಗೆಯ ಮೇಲೆ ಸುಳಿಯುವುದೇ ಇಲ್ಲ. ವರ್ಷಕ್ಕೊಮ್ಮೆ ಹೊರತೆಗೆದು, ಮೆರವಣಿಗೆ ಮಾಡಿಸಿ, ಮತ್ತೆ ಗುಡಿಯೊಳಗಿಟ್ಟು ಬೀಗ ಹಾಕುವ ಉತ್ಸವಮೂರ್ತಿಯ ಸ್ಥಿತಿ ಈ ಹಕ್ಕುಗಳಿಗೆ ಒದಗಿದೆ. ಇದನ್ನು ಯಾರನ್ನೂ ಹಳಿಯಲೆಂದು ಹೇಳುತ್ತಿಲ್ಲ. ರಾಜ್ಯಶಾಸ್ತ್ರವನ್ನು ಐಚ್ಛಿಕವಾಗಿ ಓದಿದ ವಿದ್ಯಾರ್ಥಿಯೊಬ್ಬನಿಗೆ ಮೂರು ವರ್ಷ ಕಾಡಿದ ಪ್ರಶ್ನೆಯನ್ನು ಗುರುಹಿರಿಯರ ಹಾಗೂ ಸಹಪಾಠಿಗಳ ಮುಂದಿಡುತ್ತಿದ್ದೇನೆ, ಅಷ್ಟೆ. ಹಕ್ಕನ್ನು ಕಾಯಲು ಆಯೋಗವೊಂದಿದ್ದರೆ ಸಾಕೆ?

ಮಾನವ ಹಕ್ಕೆಂಬುದು ಪಶ್ಚಿಮದ ಸರಕು, ನಮ್ಮ ನೆಲದ ಬೆಳೆಯಲ್ಲ ಎನ್ನುವವರಿದ್ದಾರೆ. ಅವರು 1948ರ ವಿಶ್ವ ಘೋಷಣೆಯ ಚರಿತ್ರೆಯನ್ನೊಮ್ಮೆ ಓದಬೇಕು. ಆ ಘೋಷಣೆಯನ್ನು ರಚಿಸಿದ ಸಮಿತಿಯ ಉಪಾಧ್ಯಕ್ಷರು ಚೀನದ ವಿದ್ವಾಂಸ ಪಿ. ಸಿ. ಚಾಂಗ್. ಕನ್ಫ್ಯೂಷಿಯಸನ ತತ್ತ್ವದಲ್ಲಿ ನುರಿತಿದ್ದ ಅವರು, ಮನುಷ್ಯನಿಗೆ ಬುದ್ಧಿಯಷ್ಟೇ ಅಲ್ಲ, ಇನ್ನೊಬ್ಬನ ನೋವನ್ನು ಅರಿಯುವ ಅಂತಃಕರಣವೂ ಉಂಟೆಂಬುದನ್ನು ಘೋಷಣೆಯಲ್ಲಿ ಸೇರಿಸಲು ಶ್ರಮಿಸಿದರು. ನಮ್ಮ ದೇಶದ ಹಂಸಾ ಮೆಹತಾ ಅವರು ಮೊದಲನೆಯ ವಿಧಿಯಲ್ಲಿ ‘ಎಲ್ಲ ಪುರುಷರೂ’ ಎಂಬರ್ಥಕ್ಕೆ ಎಡೆಗೊಡುವ ಪದವನ್ನು ತೆಗೆಸಿ ‘ಎಲ್ಲ ಮಾನವರೂ’ ಎಂದು ಬರೆಯಿಸಿದರು. ಹೀಗೆ ಈ ಮನೆಯ ಅಡಿಪಾಯಕ್ಕೆ ಚೀನವೂ ಭಾರತವೂ ಒಂದೊಂದು ಕಲ್ಲು ಹೊತ್ತಿವೆ.

ಮುಂದೆ ಈ ಎರಡು ದೇಶಗಳ ದಾರಿ ಬೇರೆಯಾಯಿತು. 1993ನೆಯ ವರ್ಷವನ್ನೇ ತೆಗೆದುಕೊಳ್ಳಿ. ಆ ವರ್ಷ ಭಾರತದಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆ ಬಂದು, ಅಕ್ಟೋಬರ್ 12ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪನೆಯಾಯಿತು. ಅದೇ ವರ್ಷ ಚೀನದಲ್ಲಿ ಹುಟ್ಟಿದ್ದು ಮಾನವ ಹಕ್ಕುಗಳ ಅಧ್ಯಯನ ಸಂಘ. ನಾವು ಆಯೋಗವನ್ನು ಕಟ್ಟಿದೆವು, ಅವರು ಅಧ್ಯಯನ ಸಂಘವನ್ನು ಕಟ್ಟಿದರು. ಈ ವ್ಯತ್ಯಾಸದಲ್ಲಿ ನಾವು ಕಲಿಯಬೇಕಾದ ಪಾಠವಿದೆ.

ಚೀನದಲ್ಲಿ ಹಕ್ಕುಗಳ ಕುರಿತ ಬರವಣಿಗೆಗೆ ಕೊರತೆಯಿಲ್ಲ. 1991ರಲ್ಲಿ ಅಲ್ಲಿಯ ಸರಕಾರ ಈ ವಿಷಯದ ಮೇಲೆ ಶ್ವೇತಪತ್ರ ಹೊರಡಿಸಿ, ಬದುಕಿ ಉಳಿಯುವ ಹಕ್ಕೇ ಎಲ್ಲಕ್ಕೂ ಮೊದಲಿನದೆಂದು ಸಾರಿತು. 2004ರಲ್ಲಿ, ರಾಜ್ಯವು ಮಾನವ ಹಕ್ಕುಗಳನ್ನು ಗೌರವಿಸಿ ಕಾಪಾಡುತ್ತದೆಂಬ ಮಾತನ್ನು ಸಂವಿಧಾನಕ್ಕೇ ಸೇರಿಸಿದರು. 2011ರಿಂದ ಕೆಲವು ವಿಶ್ವವಿದ್ಯಾಲಯಗಳಲ್ಲಿ ಮಾನವ ಹಕ್ಕುಗಳ ಶಿಕ್ಷಣ ಕೇಂದ್ರಗಳನ್ನೂ ತೆರೆದರು. ಆದರೆ ಸರಕಾರದಿಂದ ಸ್ವತಂತ್ರವಾಗಿ ನಿಂತು ಪ್ರಜೆಯ ದೂರನ್ನು ವಿಚಾರಿಸುವ ರಾಷ್ಟ್ರೀಯ ಆಯೋಗ ಅಲ್ಲಿಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಗೆ 1998ರಲ್ಲಿ ಸಹಿ ಹಾಕಿದರೂ ಅದನ್ನು ಸ್ಥಿರೀಕರಿಸಿಲ್ಲ. 2015ರ ಜುಲೈನಲ್ಲಿ, ಜನರ ಹಕ್ಕಿಗಾಗಿ ವಾದಿಸುತ್ತಿದ್ದ ವಕೀಲರನ್ನೇ ಸಾಲುಸಾಲಾಗಿ ಹಿಡಿದೊಯ್ದರು. 2010ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ ಲಿಯು ಶಿಯಾಬೊ 2017ರಲ್ಲಿ ಬಂಧನದಲ್ಲಿದ್ದಂತೆಯೇ ತೀರಿಕೊಂಡರು.

ಇದು ಚೀನೀ ಸಂಸ್ಕೃತಿಯ ಗುಣವೆಂದು ಹೇಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಹಾಂಗ್‌ಕಾಂಗಿನಲ್ಲಿ 1996ರಲ್ಲಿ ಸಮಾನ ಅವಕಾಶಗಳ ಆಯೋಗ ಬಂದಿತು. ತೈವಾನಿನಲ್ಲಿ 2020ರ ಆಗಸ್ಟ್ 1ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪನೆಯಾಯಿತು. ಅಲ್ಲಿಯವರು ಆಡುವುದೂ ಚೀನೀ ಭಾಷೆಗಳನ್ನೇ. ಅವರ ಹಿರಿಯರು ಓದಿದ್ದೂ ಅದೇ ಕನ್ಫ್ಯೂಷಿಯಸನನ್ನೇ. ಆದ್ದರಿಂದ ಅಡ್ಡಿಯಿರುವುದು ಆಳುವ ರೀತಿಯಲ್ಲಿಯೇ ಹೊರತು ಜನರ ರಕ್ತದಲ್ಲಲ್ಲ.

‘ಮೊದಲು ಅನ್ನ, ಆಮೇಲೆ ಮಾತು, ಬಡವನಿಗೆ ವಾಕ್‌ಸ್ವಾತಂತ್ರ್ಯ ಕಟ್ಟಿಕೊಂಡು ಏನಾಗಬೇಕಾಗಿದೆ?’ ಎಂಬ ವಾದವನ್ನು ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿಯೂ ಕೇಳಿದ್ದೇನೆ. ನಮ್ಮ ತಂದೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವರು. ತಾಯಿ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುವವರು. ಅನ್ನದ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅನ್ನ ಬೇಕಾದವನಿಗೆ ಕೇಳುವ ಬಾಯಿಯೂ ಬೇಕು. ಅತ್ತ ಮಗುವಿಗೆ ಹಾಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೆ? 1958ರಿಂದ 1961ರವರೆಗೆ ಚೀನದಲ್ಲಿ ಬಿದ್ದ ಕ್ಷಾಮದಲ್ಲಿ ಕೋಟಿಗೂ ಮೀರಿದ ಜನ ಸತ್ತರು. ಆ ಸುದ್ದಿಯನ್ನು ಹೇಳಬಲ್ಲ ಪತ್ರಿಕೆಯಾಗಲಿ, ಪ್ರಶ್ನಿಸಬಲ್ಲ ವಿರೋಧಪಕ್ಷವಾಗಲಿ ಅಲ್ಲಿರಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ 1876ರ ಧಾತು ಸಂವತ್ಸರದ ಬರ ನಮ್ಮ ಬಳ್ಳಾರಿ ಜಿಲ್ಲೆಯನ್ನು ನುಂಗಿದಾಗಲೂ ಜನರಿಗೆ ಸರಕಾರವನ್ನು ಹೊಣೆ ಹಿಡಿಯುವ ದಾರಿಯಿರಲಿಲ್ಲ. ಸ್ವತಂತ್ರ ಪತ್ರಿಕೆಯೂ ಚುನಾವಣೆಯೂ ಇರುವ ದೇಶದಲ್ಲಿ ಅಂಥ ಮಹಾಕ್ಷಾಮ ಸಂಭವಿಸುವುದಿಲ್ಲವೆಂದು ಅಮರ್ತ್ಯ ಸೇನರು ತೋರಿಸಿಕೊಟ್ಟಿದ್ದಾರೆ. ಅನ್ನಕ್ಕೂ ಮಾತಿಗೂ ಜಗಳ ಹಚ್ಚುವುದು ಉಂಡವರ ತರ್ಕ.

ಹಾಗಾದರೆ ಆಯೋಗವಿರುವ ನಾವು ನಿಶ್ಚಿಂತರೇ? ಇಲ್ಲ. ನಮ್ಮ ಆಯೋಗಕ್ಕೆ ಸಾಕ್ಷಿಗಳನ್ನು ಕರೆಸುವ, ಕಾಗದಪತ್ರ ತರಿಸುವ ಅಧಿಕಾರವಿದೆ. ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ದೂರು ಬರೆದು ಕಳಿಸಬಹುದು. ಎಂ. ಎನ್. ವೆಂಕಟಾಚಲಯ್ಯ, ಎಸ್. ರಾಜೇಂದ್ರ ಬಾಬು, ಎಚ್. ಎಲ್. ದತ್ತು ಎಂಬ ಮೂವರು ಕನ್ನಡಿಗ ನ್ಯಾಯಮೂರ್ತಿಗಳು ಅದರ ಅಧ್ಯಕ್ಷಪೀಠದಲ್ಲಿ ಕುಳಿತದ್ದು ನಮಗೆ ಹೆಮ್ಮೆಯ ಸಂಗತಿಯೇ. ಆದರೆ ವಿಚಾರಣೆಯ ಕೊನೆಗೆ ಆಯೋಗ ಮಾಡಬಹುದಾದದ್ದು ಶಿಫಾರಸು ಮಾತ್ರ, ಆಜ್ಞೆಯಲ್ಲ. ಘಟನೆ ನಡೆದು ಒಂದು ವರ್ಷ ಕಳೆದಿದ್ದರೆ ಅದನ್ನು ವಿಚಾರಿಸುವಂತಿಲ್ಲವೆಂದು ಕಾಯಿದೆಯ 36ನೆಯ ಪ್ರಕರಣ ಹೇಳುತ್ತದೆ. ಓದುಬರಹ ಬಾರದವನು ತನಗಾದದ್ದು ಅನ್ಯಾಯವೆಂದು ತಿಳಿದು, ಬರೆದುಕೊಡುವವರನ್ನು ಹುಡುಕಿ, ವಿಳಾಸ ಪತ್ತೆಹಚ್ಚುವ ಹೊತ್ತಿಗೆ ವರ್ಷ ಕಳೆದೇಹೋಗಿರುತ್ತದೆ. ಪೊಲೀಸರ ಮೇಲಿನ ದೂರನ್ನು ಪೊಲೀಸರಿಂದಲೇ ತನಿಖೆ ಮಾಡಿಸುವುದು, ಸದಸ್ಯರಲ್ಲಿ ಸಮಾಜದ ಎಲ್ಲ ವರ್ಗದವರೂ ಹೆಂಗಸರೂ ಸಾಕಷ್ಟಿಲ್ಲದಿರುವುದು ಮುಂತಾದ ಕಾರಣಗಳಿಂದ, ಇಂಥ ಸಂಸ್ಥೆಗಳ ಜಾಗತಿಕ ಒಕ್ಕೂಟವು ನಮ್ಮ ಆಯೋಗದ ‘ಎ’ ದರ್ಜೆಯ ಮಾನ್ಯತೆಯನ್ನು ನವೀಕರಿಸದೆ 2023ರಲ್ಲಿಯೂ 2024ರಲ್ಲಿಯೂ ಮುಂದೂಡಿತು. ಇದು ವೈರಿಗಳ ಕುಹಕವೆಂದು ತಳ್ಳಿಹಾಕುವುದಕ್ಕಿಂತ ಕನ್ನಡಿಯೆಂದು ನೋಡುವುದು ಲೇಸು.

ಇಷ್ಟಾದರೂ ನಮಗೂ ಚೀನಕ್ಕೂ ಒಂದು ದೊಡ್ಡ ಅಂತರವುಂಟು. ಈ ಕುಂದುಗಳನ್ನು ನಾನು ಸರಕಾರಿ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹೆಸರು ಹಾಕಿ ಬರೆಯುತ್ತಿದ್ದೇನೆ. ಈ ಸ್ವಾತಂತ್ರ್ಯವನ್ನು ನಾವು ಯಾವುದಕ್ಕೆ ಬಳಸುತ್ತಿದ್ದೇವೆಂಬುದೇ ನನ್ನ ಪ್ರಶ್ನೆಯ ತಿರುಳು. ಅಲ್ಲಿಯವರಿಗೆ ಅಧ್ಯಯನವುಂಟು, ಅದನ್ನು ಮೊರೆಯಾಗಿಸುವ ಬಾಗಿಲಿಲ್ಲ. ನಮಗೆ ಬಾಗಿಲುಂಟು, ಅಲ್ಲಿಗೆ ಒಯ್ಯಲು ನಮ್ಮ ಊರುಕೇರಿಯ ಅಧ್ಯಯನವಿಲ್ಲ.

ಬಳ್ಳಾರಿಯವರಿಗೆ ವಿಚಾರಣೆ, ವರದಿ ಎಂಬ ಮಾತುಗಳು ಹೊಸವಲ್ಲ. ಈ ತಾಲ್ಲೂಕು ಆಂಧ್ರಕ್ಕೋ ಮೈಸೂರಿಗೋ ಎಂಬ ವಿವಾದ ಎದ್ದಾಗ ನ್ಯಾಯಮೂರ್ತಿ ಎಲ್. ಎಸ್. ಮಿಶ್ರ ಅವರು ವಿಚಾರಿಸಿ ಮೈಸೂರಿಗೆಂದು ವರದಿಯಿತ್ತರು. 1953ರ ಅಕ್ಟೋಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಗಣಿಗಾರಿಕೆಯ ಅಕ್ರಮಗಳನ್ನು ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಮೊದಲ ವರದಿ ಸಲ್ಲಿಸಿದರು. 2011ರ ಜುಲೈ 27ರಂದು ಎರಡನೆಯದು ಬಂದಿತು. ಎರಡೇ ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಲೋಕಾಯುಕ್ತರ ವರದಿಯೂ ಶಿಫಾರಸೇ. ಆದರೆ ಅದರಲ್ಲಿ ಲಾರಿ, ಟನ್ನು, ರಹದಾರಿ, ರಶೀದಿಗಳ ಲೆಕ್ಕವಿತ್ತು. ಅದನ್ನು ಎತ್ತಿಹಿಡಿಯುವ ಜನಾಭಿಪ್ರಾಯವಿತ್ತು. ಅದೇ ವಿಷಯ ನ್ಯಾಯಾಲಯದ ಮುಂದೂ ಇತ್ತು. ಶಿಫಾರಸಿಗೆ ಬಲ ಬರುವುದು ಅದರ ಹಿಂದಿರುವ ಲೆಕ್ಕದಿಂದ, ಆ ಲೆಕ್ಕವನ್ನು ಓದಿ ಕೇಳುವ ಜನರಿಂದ.

ಅದಿರನ್ನು ಟನ್ನಿನಲ್ಲಿ ತೂಗಿದೆವು. ಮನುಷ್ಯರನ್ನು ಎಣಿಸಿದ್ದೇವೆಯೇ? ನಮ್ಮ ಜಿಲ್ಲೆಯ ದೇವದಾಸಿ ಹೆಂಗಸರ ಸಂಗತಿಯನ್ನೇ ನೋಡೋಣ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿಯೇ ಕಾಯಿದೆ ಮಾಡಿತು. 1993-94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ಜನ, 2007-08ರ ಸಮೀಕ್ಷೆಯಲ್ಲಿ ಮತ್ತೆ 23,787 ಜನ ಪಟ್ಟಿಗೆ ಬಂದರು. ಕಾಯಿದೆಯಾಗಿ ಇಪ್ಪತ್ತೈದು ವರ್ಷಗಳಾದ ಮೇಲೂ ಇಷ್ಟು ಹೊಸ ಹೆಸರುಗಳು ಬಂದವೆಂದರೆ, ಮೊದಲ ಎಣಿಕೆಯ ಕಣ್ಣಿಗೆ ಬೀಳದವರು ಎಷ್ಟು ಮಂದಿಯಿದ್ದಿರಬೇಕು! 2022ರಲ್ಲಿ ರಾಷ್ಟ್ರೀಯ ಆಯೋಗ ತಾನಾಗಿಯೇ ಈ ವಿಷಯವನ್ನೆತ್ತಿಕೊಂಡು ಕೇಂದ್ರಕ್ಕೂ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಿಗೂ ನೋಟೀಸು ಕೊಟ್ಟಿತು. 2025ರಲ್ಲಿ ನಮ್ಮ ವಿಧಾನಮಂಡಲ ಹೆಚ್ಚು ವಿಸ್ತಾರವಾದ ಹೊಸ ಮಸೂದೆಯನ್ನು ಅಂಗೀಕರಿಸಿತು. ಒಳ್ಳೆಯದೇ. ಆದರೆ ಸಹಾಯ ಸಿಗುವುದು ಪಟ್ಟಿಯಲ್ಲಿ ಹೆಸರಿದ್ದವರಿಗೆ.

ನಮ್ಮ ಓಣಿಯಲ್ಲಿ ಪದವಿ ತರಗತಿಯ ಮೆಟ್ಟಿಲೇರಿದವನು ನಾನೊಬ್ಬನೇ ಆದ್ದರಿಂದ ಎಲ್ಲರ ಅರ್ಜಿಗಳನ್ನೂ ನಾನೇ ಬರೆಯುತ್ತೇನೆ. ಅರವತ್ತು ದಾಟಿದ ಹೆಂಗಸೊಬ್ಬರಿಗಾಗಿ ಮಾಸಾಶನದ ಅರ್ಜಿ ಬರೆದೆ. ಅವರ ಹೆಸರು ಎರಡು ಪಟ್ಟಿಗಳಲ್ಲಿಯೂ ಇಲ್ಲವೆಂದು ಸಂಬಂಧಪಟ್ಟ ಕಚೇರಿಯಿಂದ ಅರ್ಜಿ ಹಿಂದಿರುಗಿತು. ಎರಡು ಸಲ ಎಣಿಸಲು ಬಂದಾಗಲೂ ಅವರು ಕೂಲಿಗೆಂದು ಪರವೂರಿನಲ್ಲಿದ್ದರು. ‘ದೇವರಿಗೆ ಬಿಡುವಾಗ ಇಡೀ ಊರು ನಿಂತು ನೋಡಿತ್ತಪ್ಪಾ, ಬರಕೊಳ್ಳಾಕ ಒಬ್ಬರೂ ಸಿಗಲಿಲ್ಲೇನು?’ ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಯಾವ ಪಠ್ಯಪುಸ್ತಕದಲ್ಲಿಯೂ ಉತ್ತರವಿರಲಿಲ್ಲ. ಪಟ್ಟಿಯಲ್ಲಿಲ್ಲದವರಿಗೆ ಆದ ಅನ್ಯಾಯ ಯಾರ ಕಡತದಲ್ಲಿಯೂ ಇರುವುದಿಲ್ಲ; ಕಡತದಲ್ಲಿಲ್ಲದ್ದನ್ನು ಆಯೋಗ ವಿಚಾರಿಸುವುದಾದರೂ ಹೇಗೆ?

ಆದ್ದರಿಂದ ನನ್ನ ಸಲಹೆ ಇಷ್ಟು. ನಮ್ಮ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ವಿಭಾಗಗಳು ಪ್ರತಿ ವರ್ಷ ಒಂದು ವಿಷಯವನ್ನು ಆಯ್ದುಕೊಂಡು ಅಂತಿಮ ತರಗತಿಯವರಿಂದ ಅಧ್ಯಯನ ಮಾಡಿಸಲಿ. ಒಂದು ವರ್ಷ ಪಟ್ಟಿಯಿಂದ ಹೊರಗುಳಿದ ದೇವದಾಸಿಯರು. ಇನ್ನೊಂದು ವರ್ಷ ಬಳ್ಳಾರಿಯ ಜೀನ್ಸ್ ಹೊಲಿಗೆಯಲ್ಲಿ ಮನೆಯಲ್ಲೇ ಕುಳಿತು ತುಂಡುಲೆಕ್ಕದ ಮೇಲೆ ದುಡಿಯುವವರು. ಮತ್ತೊಂದು ವರ್ಷ ಸಂಡೂರಿನ ಗಣಿಹಳ್ಳಿಗಳ ಶಾಲೆ ಬಿಟ್ಟ ಮಕ್ಕಳು. ಎರಡನೆಯದಾಗಿ, ವಾರಕ್ಕೊಂದು ಸಂಜೆ ಕಾಲೇಜಿನಲ್ಲಿ ಅರ್ಜಿ ಬರೆದುಕೊಡುವ ಮೇಜೊಂದನ್ನು ಹಾಕೋಣ. 2007ರಿಂದ ಕೆಲಸ ಮಾಡುತ್ತಿರುವ ರಾಜ್ಯ ಆಯೋಗದ ಕಚೇರಿ ಬೆಂಗಳೂರಿನಲ್ಲಿದೆ. ಅಲ್ಲಿಗೆ ಹೋಗಲಾರದವರ ಕಾಗದವಾದರೂ ವರ್ಷದ ಗಡುವಿನೊಳಗೆ ಹೋಗಲಿ.

ವಿದ್ಯಾರ್ಥಿಗಳಿಗೇಕೆ ಈ ಉಸಾಬರಿ, ಓದಿ ಪಾಸಾಗಲಿ ಎಂದು ಕೆಲವರೆನ್ನಬಹುದು. ಪರೀಕ್ಷೆಯ ಅಗತ್ಯ ನನಗೂ ಗೊತ್ತಿದೆ. ನನ್ನ ಪದವಿಗಾಗಿ ನಮ್ಮ ಮನೆಯವರು ಪಟ್ಟ ಪಾಡು ಸಾಮಾನ್ಯವಲ್ಲ. ಇನ್ನು ಕೆಲವರು, ನೊಂದವರ ಬದುಕನ್ನು ಕೆದಕಿ ಕಾಗದಕ್ಕಿಳಿಸಿದರೆ ಅವರ ಮಾನಕ್ಕೆ ಕುಂದಲ್ಲವೇ ಎಂದು ಕೇಳಬಹುದು. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಒಪ್ಪಿಗೆಯಿಲ್ಲದೆ ಯಾರ ಕಥೆಯನ್ನೂ ಬರೆಯಬಾರದು, ಹೆಸರುಗಳನ್ನು ಹೊರಗೆಡಹಬಾರದು, ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಬೇಕು. ಈ ನಿಯಮಗಳನ್ನು ಗುರುಗಳು ನಮಗೆ ಕಲಿಸಲಿ, ಅದೂ ವಿದ್ಯೆಯೇ.

ಇಷ್ಟಕ್ಕೆ ಸರಕಾರದ ಹೊಸ ಆಜ್ಞೆಯಾಗಲಿ, ದೊಡ್ಡ ಹಣವಾಗಲಿ ಬೇಕಿಲ್ಲ. ಒಂದು ದಫ್ತರು, ಹತ್ತು ಜನ ವಿದ್ಯಾರ್ಥಿಗಳು, ದಾರಿ ತೋರುವ ಒಬ್ಬ ಅಧ್ಯಾಪಕರು ಸಾಕು. ಮುಂದಿನ ಡಿಸೆಂಬರ್ 10ರ ಸಭೆಯಲ್ಲಿ ಒಂದು ಭಾಷಣ ಕಡಿಮೆ ಮಾಡಿ, ಅಂಥ ಮೊದಲ ವರದಿಯನ್ನು ಓದಿಸಬೇಕೆಂದು ಪ್ರಾಂಶುಪಾಲರಲ್ಲಿಯೂ ಅಧ್ಯಾಪಕವರ್ಗದಲ್ಲಿಯೂ ವಿನಂತಿಸುತ್ತೇನೆ. ಆ ವೇಳೆಗೆ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಕಿರಿಯರು ಕರೆದರೆ ಎಣಿಕೆಗೆ ಮಾತ್ರ ಖಂಡಿತ ಬರುತ್ತೇನೆ.