ಮೂಗುದಾರದ ಎರಡು ತುದಿ

ಸುಗ್ಗಿ ಮುಗಿದು, ಕಣಗಳೆಲ್ಲ ಬರಿದಾಗಿ, ಯಾದಗಿರಿ ಬಳಿಯ ಹತ್ತಿಕುಣಿಯ ಸುತ್ತಣ ಹೊಲಗಳು ಬಿಸಿಲಿಗೆ ಬಾಯಿಬಿಡತೊಡಗಿದ ದಿನಗಳಲ್ಲಿ, ಅಗಸೆಯ ಬಳಿ ಡಮರುಗದ ಸದ್ದು ಕೇಳಿತೆಂದರೆ, ಕರಡಿಯವರು ಬಂದರೆಂದು ನಾವು ಹುಡುಗರು ಉಣ್ಣುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದ್ದೆವು. ಕರಡಿಯ ಬೆನ್ನಿನ ಮೇಲೆ ಮಗುವನ್ನು ಕೂರಿಸಿದರೆ ಅದರ ಭಯ ಹೋಗುವುದೆಂದೂ, ಅದರ ರೋಮವನ್ನು ತಾಯತದಲ್ಲಿಟ್ಟು ಕೊರಳಿಗೆ ಕಟ್ಟಿದರೆ ಗಾಳಿ ಸೋಕದೆಂದೂ ಹಿರಿಯರು ನಂಬಿದ್ದ ಕಾಲವದು. "ಅಂಜಬ್ಯಾಡ ತಮ್ಮಾ, ಕರಡಿ ಮ್ಯಾಲ ಕುಂತವಗ ಜಲ್ಮದಾಗ ಅಂಜಿಕಿ ಬರೂದಿಲ್ಲ" ಎಂದು ಮುತ್ಯಾ ನನ್ನನ್ನೆತ್ತಿ ಕೂರಿಸಿದಾಗ ಕಣ್ಣಿಗೆ ಬಿದ್ದುದು ಆ ಪ್ರಾಣಿಯ ಮೂತಿಯನ್ನು ತೂರಿ ಬಂದಿದ್ದ ಹಗ್ಗ. ಎತ್ತಿಗೆ ಮೂಗುದಾರ ಪೋಣಿಸುವುದನ್ನು ವರ್ಷವರ್ಷವೂ ನೋಡಿ ಬೆಳೆದ ಒಕ್ಕಲುಮಕ್ಕಳಿಗೆ ಅದರಲ್ಲಿ ಅನ್ಯಾಯವೇನೂ ತೋರಲಿಲ್ಲ.

ಆದರೆ ಎತ್ತಿನ ಮೂಗುದಾರಕ್ಕೂ ಕರಡಿಯ ಹಗ್ಗಕ್ಕೂ ಇರುವ ಅಂತರ ಸಾಮಾನ್ಯವಾದುದಲ್ಲ. ತಾಯಿಯನ್ನು ಕೊಂದು ಕಾಡಿನಿಂದ ತಂದ ಎಳೆಯ ಮರಿಯ ಮೂತಿಗೆ ಕಾಯಿಸಿದ ಕಬ್ಬಿಣದ ಸೂಜಿ ಚುಚ್ಚಿ, ಆ ಹಸಿ ಗಾಯದಲ್ಲಿ ಹಗ್ಗ ಪೋಣಿಸಿ, ಕೋರೆಹಲ್ಲುಗಳನ್ನು ಮುರಿದು, ಉಗುರುಗಳನ್ನು ಕತ್ತರಿಸಿ, ಜೀವಮಾನವಿಡೀ ಮಾಯದ ಆ ನೋವನ್ನೇ ಕುಣಿತದ ಕಾರಣವಾಗಿ ಮಾಡಿದ ವಿದ್ಯೆಯದು. ಹಗ್ಗವನ್ನು ಜಗ್ಗಿದಾಗ ಪ್ರಾಣಿ ಹಿಂಗಾಲಿನ ಮೇಲೆ ಏಳುವುದು ವೇದನೆಯಿಂದಲೇ ಹೊರತು ತಾಳಜ್ಞಾನದಿಂದಲ್ಲ. ನಾವು ಚಪ್ಪಾಳೆ ತಟ್ಟುತ್ತಿದ್ದುದು ಆ ವೇದನೆಗೆ.

ಹಗ್ಗದ ಈ ತುದಿಯ ಕಥೆ ಈಗ ಬಹುಮಂದಿಗೆ ತಿಳಿದಿದೆ. ನಾನು ಹೇಳಹೊರಟಿರುವುದು ಅದರ ಇನ್ನೊಂದು ತುದಿಯನ್ನು ಹಿಡಿದಿದ್ದ ಮನುಷ್ಯನ ವಿಷಯ. ಕಲಂದರರೆಂಬ ಆ ಅಲೆಮಾರಿ ಜನಕ್ಕೆ ಹೊಲವಿರಲಿಲ್ಲ, ಓದಿರಲಿಲ್ಲ, ತಲೆಮಾರುಗಳಿಂದ ಬಂದ ಈ ಒಂದು ವೃತ್ತಿಯ ಹೊರತು ಬೇರೆ ಕಸುಬಿರಲಿಲ್ಲ. ಮನೆಯವರು ತಿಂದ ರೊಟ್ಟಿಯಲ್ಲಿ ಕರಡಿಗೂ ಪಾಲು; ಕರಡಿ ದುಡಿದರಷ್ಟೇ ಮನೆಯವರಿಗೆ ರೊಟ್ಟಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಾರಿಗೆ ಬಂದು ಮೂರು ದಶಕಗಳು ಕಳೆದ ಮೇಲೂ ಬೀದಿಯಲ್ಲಿ ಕರಡಿ ಕುಣಿಯುತ್ತಲೇ ಇತ್ತೆಂದರೆ, ಅದಕ್ಕೆ ಅಧಿಕಾರಿಗಳ ಔದಾಸೀನ್ಯವೊಂದೇ ಕಾರಣವಲ್ಲ. ಹಿಡಿದ ಕರಡಿಯನ್ನು ಇಡುವುದಕ್ಕೆ ತಾಣವಿರಲಿಲ್ಲ. ಕರಡಿಯನ್ನು ಕಳೆದುಕೊಂಡವನಿಗೆ ಮರುದಿನದ ಹಿಟ್ಟಿರಲಿಲ್ಲ. ಹಸಿದವನು ಮಾಡುವುದೇನು? ಸಾಲ ಮಾಡಿ ಇನ್ನೊಂದು ಮರಿಯನ್ನು ಕೊಳ್ಳುವನು. ಆ ಮರಿಗಾಗಿ ಕಾಡಿನಲ್ಲಿ ಇನ್ನೊಂದು ತಾಯಿ ಸಾಯುವುದು. ಬೀದಿಯ ಒಂದು ಕರಡಿಯನ್ನು ಬಿಡಿಸಿದ ಪುಣ್ಯಕ್ಕೆ ಬೆಟ್ಟದ ಒಂದು ಸಂಸಾರವೇ ತೆರಬೇಕಾಗಿದ್ದ ದಂಡವದು.

ಈ ಗಂಟನ್ನು ಬಿಡಿಸಿದ ರೀತಿಯು ನನಗೆ ಬಹಳ ವಿವೇಕದ್ದಾಗಿ ತೋರುತ್ತದೆ. 1995ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆಯು ಮೊದಲು ಆಗ್ರಾದಲ್ಲಿಯೂ, ಬಳಿಕ ನಮ್ಮ ಅರಣ್ಯ ಇಲಾಖೆಯೊಡಗೂಡಿ ಬನ್ನೇರುಘಟ್ಟದಲ್ಲಿಯೂ ಕರಡಿಗಳ ಆಶ್ರಯಧಾಮವನ್ನು ಕಟ್ಟಿದಾಗ, ಕರಡಿಯನ್ನು ಒಪ್ಪಿಸಿದ ಕಲಂದರನಿಂದ ಮತ್ತೆಂದೂ ಆ ವೃತ್ತಿಗೆ ಮರಳೆನೆಂಬ ಮುಚ್ಚಳಿಕೆಯನ್ನು ಬರೆಸಿಕೊಂಡು, ಬದಲಿಗೆ ಆಟೋರಿಕ್ಷಾಕ್ಕೋ ಸಣ್ಣ ಅಂಗಡಿಗೋ ಬಂಡವಾಳವನ್ನು ಕೊಟ್ಟಿತು. ಹೆಂಗಸರಿಗೆ ಕೈಕಸುಬನ್ನು ಕಲಿಸಿತು. ಮಕ್ಕಳನ್ನು ಶಾಲೆಗೆ ಹಚ್ಚಿತು. ಹೀಗೆ 600ಕ್ಕೂ ಮಿಕ್ಕಿದ ಕರಡಿಗಳು ದೇಶದ ಬೀದಿಗಳಿಂದ ಬಿಡುಗಡೆ ಹೊಂದಿ, 2009ರ ಡಿಸೆಂಬರಿನಲ್ಲಿ ರಾಜು ಎಂಬ ಹೆಸರಿನ ಕೊನೆಯ ಕರಡಿ ಬನ್ನೇರುಘಟ್ಟವನ್ನು ಸೇರಿತು. ಕಾಡಿನಲ್ಲಿ ಇನ್ನೂ ಹುಟ್ಟದಿದ್ದ ಮರಿಗಳನ್ನು ಕಾಪಾಡಿದುದು ಧಾಮದ ಬೇಲಿಗಿಂತ ಹೆಚ್ಚಾಗಿ ಆ ಆಟೋರಿಕ್ಷಾ ಎಂದರೆ ನಗಬಾರದು.

ಬಿಡಿಸಿ ತಂದ ಕರಡಿಯನ್ನು ಹಾಗೆಯೇ ಕಾಡಿಗೆ ಬಿಡುವಂತಿಲ್ಲ. ಕೋರೆಯಿಲ್ಲದ, ಗೆದ್ದಲ ಹುತ್ತವನ್ನು ಕೆದಕಿ ಹೀರುವ ವಿದ್ಯೆಯನ್ನು ತಾಯಿಯಿಂದ ಕಲಿಯದ ಆ ಜೀವ ಅಲ್ಲಿ ಬಾಳಲಾರದು. ಆದುದರಿಂದ ಮೊದಲು ಅರಿವಳಿಕೆ ಕೊಟ್ಟು ಹಗ್ಗವನ್ನು ಕತ್ತರಿಸಿ ತೆಗೆಯುತ್ತಾರೆ. ಗಾಯವನ್ನು ತೊಳೆದು ಕೊಳೆತ ಹಲ್ಲಿಗೆ ಚಿಕಿತ್ಸೆ ಮಾಡುತ್ತಾರೆ. ಮನುಷ್ಯರ ಮಗ್ಗುಲಲ್ಲಿಯೇ ಬದುಕಿ ಮನುಷ್ಯರಿಂದಲೇ ತಗುಲಿಸಿಕೊಂಡ ಕ್ಷಯದಂಥ ರೋಗಗಳಿವೆಯೇ ಎಂದು ನೋಡಲು ಕೆಲವು ಕಾಲ ಬೇರೆ ಇರಿಸುತ್ತಾರೆ. ಆಮೇಲೆ ಹಿಟ್ಟಿನ ಗಂಜಿ, ಹಣ್ಣು, ಮರದ ಪೊಟರೆಯಲ್ಲಿ ಬಚ್ಚಿಟ್ಟ ಜೇನು. ಬಚ್ಚಿಡುವುದೇಕೆಂದರೆ, ಹುಡುಕಿ ತಿನ್ನುವುದು ಕರಡಿಯ ಜಾತಿಧರ್ಮ. ಹುಡುಕುವುದನ್ನು ಮರೆತ ಕರಡಿ ನಿಂತಲ್ಲಿಯೇ ತಲೆಯನ್ನು ಅತ್ತಿತ್ತ ತೂಗುತ್ತ ದಿನ ಕಳೆಯುತ್ತದೆ. ನೆಮ್ಮದಿಯಾದಾಗ ಅದು ತನ್ನ ಪಾದವನ್ನು ತಾನೇ ಚೀಪುತ್ತ ದುಂಬಿಯಂತೆ ಗುಂಯ್‌ಗುಡುವುದುಂಟು. ಇಂಥ ಧಾಮಗಳಲ್ಲಿ ಗಂಜಿ ಹೊರುವ ಕೈಗಳಲ್ಲಿ ಕೆಲವು ಹಿಂದೆ ಹಗ್ಗ ಹಿಡಿದಿದ್ದ ಕಲಂದರರವೇ. ಕರಡಿಯ ಕಿವಿಯ ಅಲುಗಾಟದಿಂದಲೇ ಅದರ ಮುನಿಸನ್ನು ಓದಬಲ್ಲವರನ್ನು ಬಾಗಿಲ ಹೊರಗೆ ನಿಲ್ಲಿಸದೆ ಒಳಗೆ ಕರೆದದ್ದು ದಯೆಯಷ್ಟೇ ಅಲ್ಲ, ಲೆಕ್ಕಾಚಾರವೂ ಹೌದು.

ಇಲ್ಲಿ ನಮ್ಮ ಕಡೆಯವರು ಕೇಳುವ ಪ್ರಶ್ನೆಯೊಂದಿದೆ. ಮಳೆ ಕೈಕೊಟ್ಟ ವರ್ಷ ಯಾದಗಿರಿ, ಶಹಾಪುರ, ಸುರಪುರಗಳ ಜನ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಕಟ್ಟುತ್ತಿರುವ ಮಹಡಿಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಮಕ್ಕಳನ್ನು ಮಲಗಿಸುತ್ತಾರೆ. ಅದೇ ಊರಿನ ಅಂಚಿನಲ್ಲಿ ಕರಡಿಗೆ ಹೊತ್ತುಹೊತ್ತಿಗೆ ಗಂಜಿ, ವೈದ್ಯ, ನೆರಳು. "ಕರಡಿಗಿರೂ ನಸೀಬು ನಮಗಿಲ್ಲೇನ್ರೀ?" ಎಂಬ ಮಾತನ್ನು ಕುಹಕವೆಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಕರಡಿಯ ಬಟ್ಟಲನ್ನು ಕಸಿದರೆ ಕೂಲಿಯವನ ತಾಟು ತುಂಬೀತೆಂಬ ಎಣಿಕೆಯೂ ಸುಳ್ಳು. ಕಲಂದರರ ಪ್ರಸಂಗದಲ್ಲಿ ಒಂದೇ ಯೋಜನೆ ಎರಡನ್ನೂ ತುಂಬಿತು. ಒಂದನ್ನು ಮಾತ್ರ ತುಂಬಹೊರಟ ಯೋಜನೆಗಳು ಎರಡನ್ನೂ ಒಡೆದವು.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿಯೂ ಹೀಗೆ ಎರಡನ್ನೂ ಒಟ್ಟಿಗೆ ತುಂಬಿದ್ದುಂಟು. ಊರ ನಡುವಣ ಹುಣಿಸೆಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿದರೆ ಫಸಲು ಹಾಳು. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯನಿಗೆ ಪರಿಹಾರ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಯನ್ನು ಊರವರೇ ಎತ್ತಿ ಸಾಕಿ ಬಿಡುತ್ತಾರೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆನಿಸಿತು. ಆದರೆ ಹಕ್ಕಿಯನ್ನು ಹೆರಿಗೆಗೆ ಬಂದ ಮನೆಮಗಳೆಂದು ಊರು ಬಗೆದದ್ದು ಸರಕಾರಿ ಕಾಗದಕ್ಕಿಂತ ಎಷ್ಟೋ ಹಳೆಯದು.

ನಮ್ಮ ಜಿಲ್ಲೆಗೂ ಇಂಥದೊಂದು ಸಂಪತ್ತಿದೆ. ಸುರಪುರದ ನಾಯಕ ಅರಸರು ಕಟ್ಟಿಸಿ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಆಡಳಿತಕಾಲದಲ್ಲಿ ಸುಧಾರಣೆ ಕಂಡ ಬೋನಾಳದ ಕೆರೆಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಇಳಿಯುತ್ತವೆ. ಅದು ಪಕ್ಷಿಧಾಮವೆಂದು ಹೆಸರಾಗಿದೆ. ಹತ್ತಿಕುಣಿಯ ಜಲಾಶಯದ ಹಿನ್ನೀರಿನ ಅಂಚಿನಲ್ಲಿಯೂ ಬೆಳಗಿನ ಹೊತ್ತು ನಿಂತವರಿಗೆ ಕೊಕ್ಕರೆಗಳು ಅಪರೂಪವಲ್ಲ. ಇಂಥ ಕಡೆ ಅಭಿವೃದ್ಧಿಯ ಮಾತೆದ್ದಾಗಲೆಲ್ಲ ನಮ್ಮ ನಾಯಕರ ಕಣ್ಣಿಗೆ ಮೊದಲು ಬೀಳುವುದು ವೀಕ್ಷಣಾ ಗೋಪುರ, ಸಿಮೆಂಟಿನ ಬೆಂಚು, ಸ್ವಾಗತ ಕಮಾನು. ಕಮಾನಿನ ಮೇಲೆ ಯಾವ ಹಕ್ಕಿಯೂ ಗೂಡು ಕಟ್ಟಿದ್ದನ್ನು ನಾನು ಕಾಣೆ. ಗುಬ್ಬಿಯ ಮಾತು ಬೇರೆ.

ಅಭಿವೃದ್ಧಿಯ ಆ ದುಡ್ಡಿನ ಮೊದಲ ಪಾಲು ಕೆರೆಯ ದಂಡೆಯ ಮನೆಗಳಿಗೆ ಹೋಗಲಿ. ಯಾವ ತಿಂಗಳು ಯಾವ ಹಕ್ಕಿ ಎಲ್ಲಿ ಇಳಿಯುವುದೆಂದು ಬಲ್ಲ ಮೀನುಗಾರನೂ ಕುರಿಗಾರನೂ ಕಾವಲಿನ ಕೆಲಸಕ್ಕೆ ಮೊದಲು ನೇಮಕವಾಗಲಿ. ನಾಳೆ ಇದ್ದೀತೋ ಇಲ್ಲವೋ ಎಂಬ ದಿನಗೂಲಿಯ ಮೇಲಲ್ಲ, ಮಗಳ ಶಾಲೆಯ ಖರ್ಚನ್ನು ಧೈರ್ಯವಾಗಿ ಲೆಕ್ಕ ಹಾಕಬಹುದಾದ ತಿಂಗಳ ಸಂಬಳದ ಮೇಲೆ. ಹಕ್ಕಿಗಳಿರುವ ತಿಂಗಳು ಬಲೆ ಬೀಸಬಾರದೆಂದು ಹೇಳುವುದಾದರೆ, ಆ ತಿಂಗಳ ಹಿಟ್ಟು ಎಲ್ಲಿಂದ ಬರುವುದೆಂಬುದನ್ನೂ ಅದೇ ಆದೇಶದಲ್ಲಿ ಬರೆಯಲಿ. ಗೋಪುರವನ್ನು ಆಮೇಲೆ ಕಟ್ಟಬಹುದು. ಅದಕ್ಕೆ ಅವಸರವೇನೂ ಇಲ್ಲ.