ಬೇಡ ಅನ್ನಲು ಬಾಯಿ ಇತ್ತೆ?

"ಅವರೇ ಒಪ್ಪಿ ತಿಂದರಲ್ಲ!" ಅನ್ನುತ್ತೀರಿ. ನಮಗೆ ಈ ಮಾತು ಹೊಸದಲ್ಲ. ಹೊತ್ತವನು ಒಪ್ಪಿ ಹೊತ್ತ, ಬಾಚಿದವನು ಒಪ್ಪಿ ಬಾಚಿದ, ಉರುಳಿದವನು ಒಪ್ಪಿ ಉರುಳಿದ. ನಮ್ಮ ಒಪ್ಪಿಗೆಯ ಲೆಕ್ಕವನ್ನೆಲ್ಲ ನೀವೇ ಬರೆದಿಟ್ಟುಕೊಂಡಿದ್ದೀರಿ.

ದಕ್ಷಿಣ ಕನ್ನಡ, ಉಡುಪಿ ಸೀಮೆಯ ಅಜಲು ಪದ್ಧತಿಯನ್ನೇ ತೆಗೆದುಕೊಳ್ಳಿ. ಮೇಲುಜಾತಿಯವರ ಮನೆಯಲ್ಲಿ ಕಾಯಿಲೆ ಬಿದ್ದರೆ, ಬಸುರಿಗೆ ದೋಷ ಕಂಡರೆ, ಅವರ ಕೂದಲು ಉಗುರು ಕತ್ತರಿಸಿ ಅನ್ನಕ್ಕೆ ಕಲಸಿ ಕೊರಗರಿಗೆ ಉಣಿಸುತ್ತಿದ್ದರು. ಕೇಡು ಉಂಡವರ ಹೊಟ್ಟೆಗೆ ದಾಟಿತು, ಮನೆಯವರು ಪಾರಾದರು ಎಂಬ ನಂಬಿಕೆ. ಇದಕ್ಕೆ ಕಟ್ಟಳೆ ಅಂತ ಹೆಸರಿಟ್ಟರು. ನಾವು ಮಾಟ ಅನ್ನುತ್ತೇವೆ. ಕತ್ತಲಲ್ಲಿ ನಿಂಬೆಹಣ್ಣು ಕೊಯ್ದರೆ ಮಾಟ, ಹಾಡಹಗಲೇ ಮನುಷ್ಯನನ್ನೇ ನಿಂಬೆಹಣ್ಣು ಮಾಡಿದರೆ ಕಟ್ಟಳೆಯೇ ಸ್ವಾಮಿ?

ಕೂದಲು ತಿಂದರೆ ಕಾಯಿಲೆ ದಾಟೋದಿಲ್ಲ, ನಮಗೆ ಗೊತ್ತು. ಆದರೆ ಕೊಟ್ಟವರು ದಾಟುತ್ತೆ ಅಂತ ನಂಬಿಯೇ ಕೊಟ್ಟರು. ನಮ್ಮ ಮಗುವಿನ ಸಾವು ಅವರ ಮಗುವಿಗೆ ಹೋಗಲಿ ಅಂತ ತಿಳಿದೇ ಕೊಟ್ಟರು. ಮಾಟ ಸುಳ್ಳು. ಆ ಮನಸ್ಸು ಸುಳ್ಳಲ್ಲ.

"ಕೊರಗರೂ ನಂಬುತ್ತಿದ್ದರಲ್ಲ" ಅಂತ ವಾದ ಹೂಡುವ ಪಂಡಿತರಿದ್ದಾರೆ. ಆಯ್ತು, ನಂಬಿದ್ದರು ಅಂತಲೇ ಇಟ್ಟುಕೊಳ್ಳೋಣ. ಕೇಡೆಂದು ನಂಬಿದ್ದನ್ನೂ ಉಂಡರು ಅಂದರೆ ಆ ಹಸಿವು ಎಂಥದಿರಬೇಕು? ಬೇಡ ಅಂದಿದ್ದರೆ ನಾಳೆ ಆ ಅಂಗಳದಲ್ಲಿ ಕೂಲಿ ಸಿಗುತ್ತಿತ್ತೆ? ಬೇಡ ಅನ್ನುವ ದಾರಿಯನ್ನು ಮುಚ್ಚಿ, ಹೂಂ ಅನ್ನಿಸಿಕೊಂಡು, ಅದಕ್ಕೆ ಒಪ್ಪಿಗೆ ಅಂತ ಮುದ್ರೆ ಒತ್ತಬೇಡಿ.

2000ದಲ್ಲಿ ಅಜಲು ನಿಷೇಧ ಕಾಯ್ದೆ ಬಂತು. ಕೂದಲು ಉಗುರು ಬೆರೆಸಿದ ಊಟ, ಕಂಬಳಕ್ಕೆ ಮುಂಚೆ ಕೊರಗರನ್ನು ಕೋಣಗಳಂತೆ ಓಡಿಸುವುದು, ಕೂಲಿ ಕೊಡದೆ ದುಡಿಸುವುದು, ಇಷ್ಟನ್ನೂ ಒಂದೇ ಹೆಸರಲ್ಲಿ ಹಿಡಿಯಿತು. ಸರಿಯಾಗಿಯೇ ಹಿಡಿಯಿತು. ಕೂಲಿ ಇಲ್ಲದ ಕಡೆಯೇ ಮಾಟಕ್ಕೆ ಮೈ ಅಗ್ಗವಾಗಿ ಸಿಗೋದು.

ಬ್ರಾಹ್ಮಣರುಂಡ ಎಂಜಲೆಲೆಯ ಮೇಲೆ ಉರುಳುವ ಮಡೆಸ್ನಾನಕ್ಕೂ ಇದೇ ನೆಪ: ಯಾರೂ ಬಲವಂತ ಮಾಡಿಲ್ಲ, ಭಕ್ತರ ಹರಕೆ. 2017ರ ಮೌಢ್ಯ ನಿಷೇಧ ಕಾಯ್ದೆ ಈ ಉರುಳಾಟಕ್ಕೆ ಅನುವು ಮಾಡಿಕೊಡುವುದನ್ನೂ ಅಪರಾಧ ಅಂದಿತು. ಅಷ್ಟು ಪುಣ್ಯದ ಕೆಲಸವಾದರೆ ಒಂದು ದಿನ ಪಂಕ್ತಿ ಅದಲುಬದಲಾಗಲಿ. ನಾವು ಉಂಡು ಏಳುತ್ತೇವೆ, ನೀವು ಉರುಳಿ. ಒಪ್ಪಿಗೆಯೆ?

1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮವರಿಗೆ ಎಂಜಲು ಬಿಡಿ, ಸತ್ತ ದನದ ಮಾಂಸ ಬಿಡಿ ಅಂದರು. ಕೆರೆಯ ನೀರಿನ ಹಕ್ಕಿನ ಜೊತೆಗೇ ಬೇಡ ಅನ್ನುವ ಹಕ್ಕನ್ನೂ ಕಲಿಸಿದರು. ಬೇಡ ಅನ್ನಲು ಬಾರದವನ ಹೂಂಗೆ ಬೆಲೆಯಿಲ್ಲ ಅಂತ ನಾವು ಅಲ್ಲಿಂದ ಕಲಿತಿದ್ದೇವೆ.

ನಮ್ಮ ಒಪ್ಪಿಗೆ ಬೇಕೆ? ಮೊದಲು ಭೂಮಿ ಕೊಡಿ. ದುಡಿದದ್ದಕ್ಕೆ ಕೂಲಿ ಕೊಡಿ. ಆಮೇಲೆ ಕೂದಲು ಬೆರೆಸಿದ ಅನ್ನ ಹಿಡಿದು ನಮ್ಮ ಬಾಗಿಲಿಗೆ ಬನ್ನಿ, ಕೇಳಿ ನೋಡಿ. ಉತ್ತರ ಏನು ಅಂತ ನಿಮಗೂ ಗೊತ್ತು. ಗೊತ್ತಿರೋದಕ್ಕೇ ಭೂಮಿ ಕೊಡ್ತಾ ಇಲ್ಲ.