ಕಣ್ಣೀರಿನ ಲೆಕ್ಕ

ಕಳೆದ ವೈಶಾಖದಲ್ಲಿ ಸಿದ್ದಾಪುರ ಸೀಮೆಯ ನಮ್ಮ ಹಳ್ಳಿಮನೆಯಲ್ಲಿ ಒಂದು ವ್ಯಾಜ್ಯ ಹುಟ್ಟಿತು. ಅಂಗಳದಂಚಿನ ಹಲಸಿನ ಮರ ಮಾಡಿನ ಕಡೆಗೆ ಚಾಚಿದೆ. ಮಳೆಗಾಲಕ್ಕೆ ಮೊದಲು ಕಡಿಸಲೇಬೇಕೆಂದು ತಮ್ಮನ ವಾದ. "ಅಜ್ಜ ನೆಟ್ಟ ಮರ. ನಾನಿರುವ ತನಕ ಅದಕ್ಕೆ ಕೊಡಲಿ ಬೇಡ" ಎಂದು ಆಯಿಯ ಕಣ್ಣೀರು. ಕಾಲೇಜಿನಲ್ಲಿ ಪಾಠ ಹೇಳುವವನೆಂಬ ಕಾರಣಕ್ಕೆ ತೀರ್ಪು ನನ್ನ ಪಾಲಿಗೆ ಬಂದಿತು. ತಮ್ಮನದು ಬುದ್ಧಿ, ಆಯಿಯದು ಭಾವ ಎಂದು ನಾನೂ ಮನಸ್ಸಿನಲ್ಲಿಯೇ ವಿಂಗಡಿಸಿಬಿಟ್ಟಿದ್ದೆ.

ಮರದ ಮಾತು ಬಂದುದರಿಂದಲೋ ಏನೋ, ಆ ರಾತ್ರಿ ನಾನು ಹುಟ್ಟುವ ಮೊದಲೇ ನಮ್ಮ ಸೀಮೆಯಲ್ಲಿ ನಡೆದ ಅಪ್ಪಿಕೋ ಚಳವಳಿ ನೆನಪಾಯಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಕಡಿಯಲಿದ್ದ ಮರಗಳನ್ನು ತಬ್ಬಿ ನಿಂತರು. ಮೇಲುನೋಟಕ್ಕೆ ಅದು ಬರಿಯ ಭಾವಾವೇಶ. ಆದರೆ ಆ ತೋಳುಗಳ ಹಿಂದೆ ತಲೆಮಾರುಗಳ ಲೆಕ್ಕವಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಡುವ ಕ್ರಮ ಬ್ರಿಟಿಷರ ಕಾಲದಿಂದ ಬಂದದ್ದು. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ. ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಕಾಡು ಬರಿದಾದರೆ ಝರಿ ಬತ್ತೀತು, ತೋಟ ಸೊರಗೀತು ಎಂಬುದು ಅವರಿಗೆ ಅನುಭವದ ಗಣಿತ. ಆದುದರಿಂದಲೇ 'ಉಳಿಸು, ಬೆಳೆಸು, ಬಳಸು' ಎಂಬುದು ಚಳವಳಿಯ ಮಂತ್ರವಾಯಿತು. ಬರಿಯ ಭಾವುಕತೆಯಾಗಿದ್ದರೆ 'ಬಳಸು' ಎಂಬ ಕೊನೆಯ ಮಾತು ಅವರ ನಾಲಗೆಗೆ ಬರುತ್ತಿತ್ತೆ?

ಬೆಳಿಗ್ಗೆ ಇಬ್ಬರನ್ನೂ ಕೂರಿಸಿಕೊಂಡು ಮತ್ತೆ ಕೇಳಿದೆ. ಆಯಿ ಹೇಳಿದಳು: "ಪಡುವಣ ಬಿಸಿಲು ಕೊಟ್ಟಿಗೆಗೆ ಬೀಳದಂತೆ ತಡೆದಿರುವುದು ಈ ಮರವೇ. ಕಡಿದರೆ ಬೇಸಗೆಯಲ್ಲಿ ಎಮ್ಮೆಗೆ ನೆರಳೆಲ್ಲಿ?" ತಮ್ಮ ತಲೆ ತಗ್ಗಿಸಿದ. "ಆ ಕೊಂಬೆಯ ಕೆಳಗಿನ ಕೋಣೆಯಲ್ಲಿಯೇ ಆಯಿ ಮಲಗುವುದು. ಗಾಳಿ ಬೀಸಿದ ರಾತ್ರಿ ಪೇಟೆಯಲ್ಲಿ ನನಗೆ ನಿದ್ರೆ ಬಾರದು."

ಲೆಕ್ಕವಿದ್ದುದು ಆಯಿಯ ಕಣ್ಣೀರಿನಲ್ಲಿ. ಕಣ್ಣೀರಿದ್ದುದು ತಮ್ಮನ ಲೆಕ್ಕದಲ್ಲಿ!

ಮರ ಬಲ್ಲ ಹಿರಿಯರೊಬ್ಬರು ಬಂದು ನೋಡಿ, ಬುಡ ಗಟ್ಟಿಯಾಗಿದೆ ಎಂದರು. ಮಾಡಿನ ಮೇಲಿನ ಕೊಂಬೆಯೊಂದನ್ನಷ್ಟೇ ಇಳಿಸಿದೆವು. ಆಯಿ ಅದರಲ್ಲಿ ಊಟದ ಮಣೆಗಳನ್ನು ಮಾಡಿಸಿದಳು. ಮಳೆಗಾಲವೂ ನಿರಾತಂಕವಾಗಿ ಕಳೆಯಿತು.

ನಿಮ್ಮ ಮನೆಯಲ್ಲಿಯೂ ಇಂತಹ ವ್ಯಾಜ್ಯ ಹುಟ್ಟಿದರೆ, ಬುದ್ಧಿ ಯಾರದು, ಭಾವ ಯಾರದು ಎಂದು ವಿಂಗಡಿಸಲು ಅವಸರಪಡಬೇಡಿರಿ. ಅಳುವವರನ್ನು ಕಾರಣ ಕೇಳಿರಿ. ವಾದಿಸುವವರನ್ನು ಅವರ ಅಂಜಿಕೆ ಏನೆಂದು ಕೇಳಿರಿ. ತೀರ್ಪಿನ ಅಗತ್ಯವೇ ಬೀಳದೆ ಹೋದೀತು.